ಕಾಲುಚೀಲಕ್ಕೇಕೆ ಬೆಳ್ಳಿ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆಯುತ್ತಾರೆ: ‘ಮಗ ಬೆಂಗಳೂರಿನಿಂದ ಬೆಳ್ಳಿ ಕಣ ಸೇರಿಸಿದ ಕಾಲುಚೀಲ ತಂದಿದ್ದಾನೆ. ಮಳೆಗಾಲದಲ್ಲೂ ವಾಸನೆ ಬರುವುದಿಲ್ಲವಂತೆ. ಕೂಸಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸಿದವರು ನಾವು. ಹಿರಿಯರು ಅಂದೇ ಕಂಡುಕೊಂಡದ್ದನ್ನು ವಿಜ್ಞಾನ ಈಗ ಒಪ್ಪಿದೆ, ಅಲ್ಲವೇ?’

ಒಳಲೆಯ ನೆನಪು ತೆಗೆದು ನನ್ನ ಅರ್ಧ ಸಿಟ್ಟು ಇಳಿಸಿಬಿಟ್ಟಿರಿ. ಬೆಳ್ಳಿ ಸೂಕ್ಷ್ಮಾಣುಗಳನ್ನು ಕೊಲ್ಲುವುದು ನಿಜ. 1880ರ ಸುಮಾರಿಗೆ ಜರ್ಮನಿಯ ವೈದ್ಯ ಕ್ರೇಡೆ, ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಎಷ್ಟೋ ಕೂಸುಗಳ ದೃಷ್ಟಿ ಉಳಿಸಿದರು. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ ಇಂದಿಗೂ ಬೆಳ್ಳಿಯಿದೆ. ಇಷ್ಟಕ್ಕೆ ನನ್ನದೂ ಒಂದು ನಮಸ್ಕಾರ.

ಆದರೆ ಒಳಲೆಯಿಂದ ಕಾಲುಚೀಲಕ್ಕೆ ಹಾರಿಬಿಟ್ಟಿರಲ್ಲ! ಒಳಲೆ ಅಜ್ಜಿಯಿಂದ ಮರಿಮಗುವಿಗೆ ಬಂದರೂ ಸವೆಯುವುದಿಲ್ಲ. ಕಾಲುಚೀಲದ ಬೆಳ್ಳಿಗೆ ಕರಗಿ ಅಯಾನುಗಳಾದರಷ್ಟೇ, ಅಂದರೆ ವಿದ್ಯುದಂಶ ಹೊತ್ತ ಕಣಗಳಾದರಷ್ಟೇ ಕೆಲಸ. ಒಗೆದಾಗ ನೀರಿನ ಜೊತೆ ಅದೂ ಹೊರಟಿತು. 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯವೊಂದರ ಸಂಶೋಧಕರು ಇಂಥ ಕಾಲುಚೀಲಗಳನ್ನು ಬರೀ ನೀರಿನಲ್ಲಿ ಜಾಲಿಸಿ ನೋಡಿದರು. ಕೆಲವದರ ಬೆಳ್ಳಿ ನಾಲ್ಕೇ ಸಲಕ್ಕೆ ಹೆಚ್ಚುಕಡಿಮೆ ಖಾಲಿ.

ನಿಮ್ಮ ಬಚ್ಚಲ ನೀರು ತೋಟಕ್ಕೆ ತಾನೆ ಹೋಗುವುದು? ಸೊಪ್ಪು, ಸಗಣಿ ಹಾಕಿ ನೀವು ಸಾಕುತ್ತಿರುವುದು ಅಲ್ಲಿನ ಸೂಕ್ಷ್ಮಾಣುಗಳನ್ನೇ. ಬಹುಪಾಲು ಬೆಳ್ಳಿ ಗಂಧಕದೊಡನೆ ಸೇರಿ ಸಪ್ಪೆಯಾಗುತ್ತದೆ ಎನ್ನುತ್ತಾರೆ, ಇರಲಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಮಳೆ ನೋಡಿ, ಅಳತೆ ನೋಡಿ ಗೊನೆಗೆ ಹೊಡೆಸುತ್ತೀರಿ. ಅದರಲ್ಲಿರುವ ಮೈಲುತುತ್ತು ವಿಷವೆಂಬುದು ನಿಮಗೆ ಗೊತ್ತು. ಬೆಳ್ಳಿ ಅಯಾನು ಬಿಡುವ ವಾಷಿಂಗ್ ಮೆಷಿನ್ನನ್ನು ಅಮೆರಿಕ 2007ರಲ್ಲಿ ಕೀಟನಾಶಕದ ಕಾನೂನಿಗೇ ಒಳಪಡಿಸಿತು. ನಮ್ಮಲ್ಲಿ ಅದೇ ಸರಕು ‘ಆರೋಗ್ಯ’ದ ಹೆಸರಲ್ಲಿ ಬರುತ್ತದೆ!

ನನಗೆ ನಿಜವಾಗಿ ಭಯವಿರುವುದು ಬೇರೆಯದಕ್ಕೆ. ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೂ ಬಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಾಣಿಸಿಕೊಂಡದ್ದು 1975ರಲ್ಲೇ ವರದಿಯಾಯಿತು. ಆ ಗುಣವನ್ನು ಹೊತ್ತ ಪ್ಲಾಸ್ಮಿಡ್, ಅಂದರೆ ಡಿಎನ್‌ಎಯ ಪುಟ್ಟ ಉಂಗುರ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಹಲವು ಆಂಟಿಬಯಾಟಿಕ್‌ಗಳನ್ನು ತಡೆದುಕೊಳ್ಳುವ ಗುಣವೂ ಅದರಲ್ಲೇ ಇತ್ತು. ಮೈಸುಟ್ಟವರಿಗೆ ಆಸರೆಯಾಗಬೇಕಾದ ಮದ್ದನ್ನು ಬನಿಯನ್, ಹಲ್ಲುಜ್ಜುವ ಬ್ರಷ್, ತರಕಾರಿ ಹೆಚ್ಚುವ ಹಲಗೆಗೆಲ್ಲ ಬಳಿಯುತ್ತಾ ಹೋದರೆ ಹೇಗೆ? ಈಗಾಗಲೇ ನೆಗಡಿಯಾದರೂ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತರುತ್ತೇವೆ, ಎರಡು ದಿನ ನುಂಗಿ ಬಿಡುತ್ತೇವೆ. ಗದ್ದೆ ಕೆಸರಿನಲ್ಲಿ ಬೆಳೆದವರ ಮೊಮ್ಮಕ್ಕಳು ಅಂಗಳಕ್ಕೆ ಇಳಿದರೆ ಕೈಗೆ ಸ್ಯಾನಿಟೈಸರ್! ಟಿವಿಯವರು ಕೀಟಾಣುವಿನ ಗುಮ್ಮ ತೋರಿಸುತ್ತಾರೆ, ನಾವು ಬೆಚ್ಚುತ್ತೇವೆ.

ಮಗನ ಮೇಲೆ ರೇಗಬೇಡಿ, ಪ್ರೀತಿಯಿಂದ ತಂದಿದ್ದಾನೆ, ಹಾಕಿಕೊಳ್ಳಿ. ನಮ್ಮ ಮಳೆಯಲ್ಲಿ ಕಾಲುಚೀಲ ನಾರುವುದು ಒಣಗದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಬೆಳಗಾಗುವುದರೊಳಗೆ ಗರಿಗರಿ. ಇಂಬಳ ಹತ್ತುವುದಿಲ್ಲ ಎಂದು ಆ ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ನನಗೂ ಒಂದು ಜೊತೆ ತರಿಸಿಕೊಡಿ.

-ಸಂ.