ತೂತು ಮುಚ್ಚಿದರೆ ಹಡಗು ರಿಪೇರಿಯಾಯಿತೇ?

ಮಲ್ಪೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: “ಮಳೆಗಾಲದ ರಜೆಯಲ್ಲಿ ನಮ್ಮ ಸ್ಟೀಲ್ ಬೋಟನ್ನು ದಡಕ್ಕೆಳೆದು, ತುಕ್ಕು ತಿಂದ ಪ್ಲೇಟು ಕತ್ತರಿಸಿ, ಹೊಸದು ವೆಲ್ಡ್ ಮಾಡಿ, ಪೈಂಟ್ ಬಳಿದು ವಾರದೊಳಗೆ ಮುಗಿಸುತ್ತೇವೆ. 2000ದಲ್ಲಿ ಏಡನ್ ಬಂದರಿನಲ್ಲಿ ಸ್ಫೋಟಕ್ಕೆ ಸಿಕ್ಕಿದ ಅಮೆರಿಕದ ಯುದ್ಧನೌಕೆ ‘ಕೋಲ್’ಗೆ ಆದದ್ದೂ ಒಂದು ತೂತೇ ತಾನೇ? ಅದಕ್ಕೆ ವರ್ಷದ ಮೇಲೆ ಸಮಯ, 25 ಕೋಟಿ ಡಾಲರ್ ಖರ್ಚು! ಅದರ ಬದಲು ಹೊಸದನ್ನೇ ಕಟ್ಟಬಹುದಿತ್ತಲ್ಲ? ಇಂಥ ಕೆಲಸ ನಮ್ಮ ಕಡೆಯ ವೆಲ್ಡರ್‌ಗಳಿಗೆ ಸಿಕ್ಕೀತೇ?”

ಮೊದಲು ದುಡ್ಡಿನ ಲೆಕ್ಕ. ಕೋಲ್‌ನಂಥ ಹೊಸ ಹಡಗಿಗೆ ಆಗ ಹತ್ತಿರಹತ್ತಿರ 100 ಕೋಟಿ ಡಾಲರ್ ಬೀಳುತ್ತಿತ್ತು, ಕಟ್ಟಲು ವರ್ಷಗಳೇ ಬೇಕು. ರಿಪೇರಿ ಅದರ ಕಾಲುಭಾಗದಲ್ಲಿ ಮುಗಿಯಿತು. ಯುದ್ಧನೌಕೆಯಲ್ಲಿ ಉಕ್ಕು ಅಗ್ಗದ ಸಾಮಾನು. ದುಬಾರಿಯಾದದ್ದು ರಾಡಾರ್, ಸೋನಾರ್, ಕ್ಷಿಪಣಿ ಕೋಶ, ಗ್ಯಾಸ್ ಟರ್ಬೈನ್. ಕೋಲ್‌ಗೆ ಪೆಟ್ಟು ಬಿದ್ದದ್ದು ನಡುಭಾಗದ ಎಡಮಗ್ಗುಲಿಗೆ. ಕ್ಷಿಪಣಿ ಕೋಶಗಳಿರುವುದು ಮೂತಿಯ ಕಡೆ ಮತ್ತು ಹಿಂಬದಿಯಲ್ಲಿ. ದುಬಾರಿ ಸಾಮಾನು ಉಳಿದಿದೆ, ಹಡಗಿನ ಬೆನ್ನನ್ನು ನೇರ ಮಾಡಲು ಸಾಧ್ಯ ಎಂದಾದರೆ ರಿಪೇರಿಯೇ ಲಾಭ. ಎರಡರಲ್ಲಿ ಒಂದಿಲ್ಲದಿದ್ದರೆ ಗುಜರಿಯ ಮಾತು ಶುರುವಾಗುತ್ತದೆ.

ಆದರೆ ತೂತು ಅಂದಿರಲ್ಲ, ಅಲ್ಲೇ ತಕರಾರು. ಕೋಲ್‌ನ ಬದಿಯಲ್ಲಿ ಸುಮಾರು 12 ಮೀಟರ್ ಅಗಲಕ್ಕೆ ಬಾಯಿ ತೆರೆದಿತ್ತು; 17 ನಾವಿಕರು ಸತ್ತರು. ಬದಲಾಯಿಸಿದ ಉಕ್ಕು ಸುಮಾರು 550 ಟನ್. ಹರಿದುಹೋದ ಪ್ಲೇಟಿನ ತೂಕ ಅದರ ಮುಂದೆ ಏನೂ ಅಲ್ಲ. ಸ್ಫೋಟದ ಒತ್ತಡ ಒಳಗೆ ನುಗ್ಗಿ ಡೆಕ್ಕನ್ನು ಮೇಲಕ್ಕೆ ಉಬ್ಬಿಸುತ್ತದೆ, ಅಡ್ಡಗೋಡೆಗಳನ್ನು ಬಾಗಿಸುತ್ತದೆ, ಯಂತ್ರಗಳನ್ನು ಅವುಗಳ ಬುಡದಿಂದ ಕೀಳುತ್ತದೆ. ತುಕ್ಕು ಹಿಡಿದ ಪ್ಲೇಟಿನ ಸುತ್ತ ಇರುವುದು ಒಳ್ಳೆಯ ಉಕ್ಕು. ಸ್ಫೋಟದ ತೂತಿನ ಸುತ್ತ ಇರುವುದು ನೋಡಲು ಒಳ್ಳೆಯದಾಗಿ ಕಾಣುವ, ಒಳಗೆ ಬಿರುಕು ಬಿಟ್ಟಿರಬಹುದಾದ ಉಕ್ಕು.

ನೀರಿನಡಿಯ ಸ್ಫೋಟ ಇನ್ನೂ ಕೆಟ್ಟದ್ದು. 1988ರ ಏಪ್ರಿಲ್ 14ರಂದು ಪರ್ಷಿಯನ್ ಕೊಲ್ಲಿಯಲ್ಲಿ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಎಂಬ ಅಮೆರಿಕದ ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) ನೀರಿನಲ್ಲಿ ಹುದುಗಿಸಿಟ್ಟ ಮೈನ್ ಎಂಬ ಸ್ಫೋಟಕಕ್ಕೆ ತಗುಲಿತು. ಸುಮಾರು ನಾಲ್ಕೂವರೆ ಮೀಟರ್ ತೂತು, ಕೀಲ್ (ತಳದುದ್ದಕ್ಕೂ ಇರುವ ಹಡಗಿನ ಬೆನ್ನೆಲುಬು) ಮುರಿತ, ಎರಡೂ ಟರ್ಬೈನ್‌ಗಳು ಬುಡ ಕಳಚಿ ಎದ್ದವು, ಎಂಜಿನ್ ಕೋಣೆ ಪೂರ್ತಿ ನೀರು. ಹಡಗು ಎರಡು ತುಂಡಾಗದಂತೆ ಸಿಬ್ಬಂದಿ ಮೇಲ್ಕಟ್ಟಿನ ಬಿರುಕಿಗೆ ಅಡ್ಡಲಾಗಿ ಉಕ್ಕಿನ ಹಗ್ಗ ಬಿಗಿದರು. ಪಕ್ಕದ ಅಡ್ಡಗೋಡೆಗಳಿಗೆ ಮರದ ತೊಲೆಗಳ ಆಸರೆ ಕೊಟ್ಟರು. ಯಾರೂ ಸಾಯಲಿಲ್ಲ. ರಿಪೇರಿ ನಿಜಕ್ಕೂ ಶುರುವಾಗುವುದು ಇಲ್ಲಿ, ಡಾಕ್‌ಯಾರ್ಡಿನಲ್ಲಲ್ಲ. ಈ ಹೊತ್ತಿನಲ್ಲಿ ಬೆಂಕಿಯಷ್ಟೇ ಅಪಾಯ ಬೆಂಕಿ ಆರಿಸುವ ನೀರಿನದ್ದು. ಮೇಲಿನ ಡೆಕ್ಕಿನಲ್ಲಿ ಅಗಲಕ್ಕೆ ಹರಡಿದ ಮೊಣಕಾಲುದ್ದ ನೀರು ಹಡಗು ವಾಲಿದ ಕಡೆಗೇ ಓಡಿ, ಅದನ್ನು ಇನ್ನಷ್ಟು ವಾಲಿಸುತ್ತದೆ. ಮೀನಿನ ಗೋದಾಮಿನಲ್ಲಿ ನೀರು ನಿಂತ ಬೋಟು ಏಕಾಏಕಿ ಮಗುಚುವುದೂ ಹೀಗೇ. ಹಾಗಾಗಿ ಒಂದು ಕಡೆ ಪೈಪಿನಿಂದ ನೀರು ಹೊಡೆಯುವಾಗಲೇ ಇನ್ನೊಂದು ಕಡೆ ಪಂಪಿನಿಂದ ಹೊರಹಾಕುತ್ತಿರಬೇಕು.

ಇಂಥ ಹಡಗನ್ನು ಸಾಗರ ದಾಟಿಸಿ ಎಳೆದೊಯ್ಯುವುದು ಅಪಾಯ. ಅಲೆಯ ಮೇಲೆ ಹಡಗು ಬಾಗಿ ಬಾಗಿ ಬಿರುಕು ಬೆಳೆಯುತ್ತದೆ. ಅದಕ್ಕೇ ಹಡಗು ಹೊರುವ ಹಡಗು ಬರುತ್ತದೆ. ತನ್ನ ಡೆಕ್ಕನ್ನು ನೀರೊಳಗೆ ಮುಳುಗಿಸಿ, ಗಾಯಾಳುವನ್ನು ಮೇಲೆ ತೇಲಿಸಿಕೊಂಡು, ಎದ್ದು ನಿಲ್ಲುತ್ತದೆ. ಕೋಲ್ ಅನ್ನು ‘ಬ್ಲೂ ಮಾರ್ಲಿನ್’ ಹೀಗೆ ಮಿಸಿಸಿಪಿಯ ಪ್ಯಾಸ್ಕಗೌಲಕ್ಕೆ ಮುಟ್ಟಿಸಿತು.

ಈ ಹೊರುವ ಹಡಗಿನ ಮೇಲೂ ಡ್ರೈಡಾಕಿನಲ್ಲೂ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಎಲ್ಲವೂ ನಿಂತಿರುವುದು ತಳಕ್ಕೆ ಆಸರೆ ಕೊಡುವ ಅಡಿಗಟ್ಟೆಗಳ ಮೇಲೆ. ಪ್ರತಿ ವರ್ಗದ ಹಡಗಿಗೂ ಕಟ್ಟೆಗಳ ನಕ್ಷೆ ಇರುತ್ತದೆ, ಆದರೆ ಅದು ನೇರವಾದ ಕೀಲ್‌ಗೆ ಬರೆದದ್ದು. ಪೆಟ್ಟು ತಿಂದ ಕೀಲ್ ಬಾಗಿರುತ್ತದೆ. ಮುಳುಗುಗಾರರು ಅಳೆದು, ಪ್ರತಿ ಕಟ್ಟೆಯ ಎತ್ತರವನ್ನು ಬೇರೆಬೇರೆಯಾಗಿ ಹೊಂದಿಸಬೇಕು. ಒಂದು ಕಟ್ಟೆ ಎತ್ತರವಾದರೆ ಪೂರ್ತಿ ಭಾರ ಅದರ ಮೇಲೇ ಕೂರುತ್ತದೆ. 2017ರಲ್ಲಿ ಡಿಕ್ಕಿಯಲ್ಲಿ ಗಾಯಗೊಂಡ ಅಮೆರಿಕದ ಯುದ್ಧನೌಕೆ ‘ಫಿಟ್ಜ್‌ಜೆರಾಲ್ಡ್’ ಅನ್ನು ಹೀಗೆ ಹೇರುವಾಗ ಆಸರೆಯ ಉಕ್ಕಿನ ಚೌಕಟ್ಟೇ ತಳಕ್ಕೆ ಎರಡು ಹೊಸ ತೂತು ಮಾಡಿತು. ಅವನ್ನು ಮುಚ್ಚಲು ಹಡಗನ್ನು ಬಂದರಿಗೆ ವಾಪಸು ತರಬೇಕಾಯಿತು. ನಮ್ಮಲ್ಲೂ 2016ರ ಡಿಸೆಂಬರ್ 5ರಂದು ಮುಂಬೈಯಲ್ಲಿ ‘ಐಎನ್‌ಎಸ್ ಬೇತ್ವಾ’ ಡಾಕಿನಿಂದ ಹೊರಡುವಾಗ ಮಗುಚಿ ಬಿತ್ತು, ಇಬ್ಬರು ನಾವಿಕರು ತೀರಿಕೊಂಡರು. ಅದನ್ನು 2017ರ ಫೆಬ್ರವರಿಯಲ್ಲಿ ಎತ್ತಿ ನಿಲ್ಲಿಸಲಾಯಿತು.

ಬಂದ ತಕ್ಷಣ ಕಟಿಂಗ್ ಟಾರ್ಚ್ ಹಚ್ಚುವ ಹಾಗಿಲ್ಲ. ಮದ್ದುಗುಂಡು ಇಳಿಸಬೇಕು, ಇಂಧನ ಖಾಲಿ ಮಾಡಬೇಕು, ಟ್ಯಾಂಕುಗಳನ್ನು ತೊಳೆದು ಗಾಳಿಯಾಡಿಸಿ ಅನಿಲ ಪರೀಕ್ಷೆ ಮಾಡಬೇಕು. ಪಕ್ಕದ ಕೋಣೆಯನ್ನೂ ಪರೀಕ್ಷಿಸಬೇಕು, ಏಕೆಂದರೆ ಗೋಡೆಯ ಈಚೆ ಹಚ್ಚಿದ ಕಿಡಿಯ ಶಾಖ ಆಚೆಗಿರುವ ಎಣ್ಣೆ ಪಸೆಗೆ ಸಾಕು.

ಕತ್ತರಿಸುವುದು ಎಲ್ಲಿಯವರೆಗೆ? ಅಲ್ಟ್ರಾಸಾನಿಕ್‌ನಲ್ಲಿ (ಶಬ್ದಾತೀತ ತರಂಗದಿಂದ) ದಪ್ಪ ಅಳೆದು, ಬಿರುಕಿನೊಳಗೆ ಇಳಿಯುವ ಬಣ್ಣ (ಡೈ) ಮತ್ತು ಬಿರುಕಿಗೆ ಅಂಟುವ ಕಾಂತಕಣಗಳಿಂದ ಬಿರುಕು ಹುಡುಕಿ, ಬೆಂಕಿ ತಾಗಿದ ಜಾಗದಲ್ಲಿ ಗಡಸುತನ ನೋಡಿ, ಒಳ್ಳೆಯ ಉಕ್ಕು ಸಿಗುವವರೆಗೆ. ಹೊಸ ಪ್ಲೇಟಿನ ಮೂಲೆ ಚೂಪಾಗಿರಬಾರದು. ಪ್ಲೇಟಿನ ದಪ್ಪದ ಐದು ಪಟ್ಟು, ಕನಿಷ್ಠ 100 ಮಿಲಿಮೀಟರ್ ತ್ರಿಜ್ಯದ ದುಂಡು ಬೇಕು. ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ತೂತಿನ ಮೇಲೆ ಇನ್ನೊಂದು ಪ್ಲೇಟು ಹೊದಿಸಿ ಸುತ್ತ ವೆಲ್ಡ್ ಮಾಡುವ ನಮ್ಮೂರ ಪದ್ಧತಿ ಬಂದರು ಮುಟ್ಟುವವರೆಗಿನ ತಾತ್ಕಾಲಿಕ ಕೆಲಸಕ್ಕೆ ಸರಿ, ಶಾಶ್ವತಕ್ಕೆ ಸಲ್ಲದು. ಕಡಿಮೆ ಹೈಡ್ರೋಜನ್ನಿನ 7018 ಬಗೆಯ ರಾಡುಗಳನ್ನು 300–350 ಡಿಗ್ರಿಯಲ್ಲಿ ಒಣಗಿಸಿ, ಬಿಸಿಡಬ್ಬಿಯಿಂದ ನಾಲ್ಕಾರೇ ತೆಗೆದು ಬಳಸಬೇಕು. ಕರಾವಳಿಯ ಜುಲೈ ಗಾಳಿಯಲ್ಲಿ ತೆರೆದಿಟ್ಟ ರಾಡು ತೇವ ಕುಡಿಯುತ್ತದೆ. ಆ ತೇವದ ಹೈಡ್ರೋಜನ್ ಗಡಸು ಉಕ್ಕಿನ ವೆಲ್ಡಿನಲ್ಲಿ ಸೇರಿ, ತಣಿದು ಒಂದೆರಡು ದಿನದ ಮೇಲೆ ಬಿರುಕು ಬಿಡಿಸುತ್ತದೆ. ಆದ್ದರಿಂದ ಕೊನೆಯ ತಪಾಸಣೆ 48 ಗಂಟೆ ಕಾದು ಮಾಡುತ್ತಾರೆ. ಅವಸರದಲ್ಲಿ ಅದೇ ದಿನ ಪಾಸು ಮಾಡಿದ ವೆಲ್ಡನ್ನು ನಂಬುವಂತಿಲ್ಲ.

ಕೆಲವೊಮ್ಮೆ ತೇಪೆಯ ಯೋಚನೆಯನ್ನೇ ಬಿಡುತ್ತಾರೆ. ರಾಬರ್ಟ್ಸ್‌ನ ಎಂಜಿನ್ ಕೋಣೆಯ ಹಾಳಾದ ಭಾಗವನ್ನು ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲೆಂಡಿನ ಯಾರ್ಡಿನವರು ಕತ್ತರಿಸಿ ತೆಗೆದರು. ಹೊರಗೆ ಕಟ್ಟಿಟ್ಟ 315 ಟನ್ನಿನ ಹೊಸ ಭಾಗವನ್ನು ಜಾಕಿಯಲ್ಲಿ ಎತ್ತಿ ಸೇರಿಸಿ ಬೆಸೆದರು. ಒಟ್ಟು ಖರ್ಚು ಸುಮಾರು 9 ಕೋಟಿ ಡಾಲರ್. 1989ರ ಅಕ್ಟೋಬರ್‌ನಲ್ಲಿ ಹಡಗು ಸೇವೆಗೆ ಮರಳಿತು, 2015ರವರೆಗೆ ದುಡಿಯಿತು.

ಉಕ್ಕಿನ ಕೆಲಸ ಮುಗಿದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ತಿಂಗಳುಗಟ್ಟಲೆ ತಿನ್ನುವ ಕೆಲಸ ಬಾಕಿ ಇರುತ್ತದೆ. ಒಂದು, ಶಾಫ್ಟ್. ಗೇರ್‌ಬಾಕ್ಸಿನಿಂದ ಪ್ರೊಪೆಲ್ಲರ್‌ವರೆಗೆ ಹತ್ತಾರು ಮೀಟರ್ ಉದ್ದದ ಸಾಲಿನಲ್ಲಿ ಬೇರಿಂಗುಗಳು ಕೂದಲೆಳೆಯಷ್ಟೂ ತಪ್ಪಬಾರದು. ಕಟ್ಟೆಯ ಮೇಲಿರುವ ಹಡಗಿನ ಆಕಾರ ಬೇರೆ, ತೇಲುವ ಹಡಗಿನದು ಬೇರೆ. ಹಾಗಾಗಿ ಡಾಕಿನಲ್ಲಿ ಒಮ್ಮೆ ಹೊಂದಿಸಿ, ತೇಲಿಸಿದ ಮೇಲೆ ಜಾಕಿಯಿಂದ ಪ್ರತಿ ಬೇರಿಂಗಿನ ಭಾರ ಅಳೆದು ಮತ್ತೆ ಹೊಂದಿಸುತ್ತಾರೆ, ಅದೂ ರಾತ್ರಿ ಅಥವಾ ನಸುಕಿನಲ್ಲಿ. ಬಿಸಿಲಿಗೆ ಡೆಕ್ ಹಿಗ್ಗಿದರೆ ಹಡಗೇ ಬಾಗುತ್ತದೆ.

ಎರಡು, ಕೇಬಲ್. ತುಂಡಾದ ತುದಿಯಿಂದ ಉಪ್ಪುನೀರು ತಂತಿಯೊಳಗೆ ಹೀರಿಕೊಂಡು ಬಹುದೂರ ಹೋಗುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಮೆಗ್ಗರ್ (ತಂತಿಯ ಹೊದಿಕೆಯ ವಿದ್ಯುತ್ ತಡೆ ಅಳೆಯುವ ಉಪಕರಣ) ಹಚ್ಚಿದರೆ ಗೊತ್ತಾಗುತ್ತದೆ. ನಡುವೆ ಜೋಡಿಸುವುದಕ್ಕಿಂತ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೊಸದು ಎಳೆಯುವುದೇ ಕ್ಷೇಮ. ಹಾಗೆ ಎಳೆಯುವಾಗ ಅದು ದಾಟುವ ಪ್ರತಿ ಗೋಡೆಯ ನೀರುತಡೆ ಸೀಲನ್ನೂ ಬಿಚ್ಚಿ ಕಟ್ಟಬೇಕು. ಬೆಂಕಿ ಬಿದ್ದಿದ್ದರೆ ಇನ್ನೊಂದು ಕಾಟ: ಸುಟ್ಟ ಪಿವಿಸಿ ಕೇಬಲಿನ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬೆಂಕಿಯೇ ಮುಟ್ಟದ ಕೋಣೆಯ ಸರ್ಕ್ಯೂಟ್ ಬೋರ್ಡುಗಳನ್ನೂ ಅದು ವಾರಗಳ ನಂತರ ತಿಂದುಹಾಕುತ್ತದೆ.

ಆಮೇಲೆ ಪರೀಕ್ಷೆಗಳು. ಪ್ರತಿ ಹೊಸ ಕೋಣೆಗೆ 0.15 ಬಾರ್‌ನಷ್ಟು ಗಾಳಿ ತುಂಬಿ ಬೆಸುಗೆಗೆ ಸೋಪುನೀರು ಹಚ್ಚಿ ಗುಳ್ಳೆ ನೋಡುವುದು. ತೂಕ ಬದಲಾದ್ದರಿಂದ ಗೊತ್ತಿರುವ ಭಾರಗಳನ್ನು ಡೆಕ್ಕಿನ ಆಚೀಚೆ ಸರಿಸಿ ಗುರುತ್ವ ಕೇಂದ್ರ ಮತ್ತೆ ಕಂಡುಹಿಡಿಯುವುದು. ಹೊಸ ಉಕ್ಕು ಹಡಗಿನ ಕಾಂತತ್ವ ಬದಲಿಸುವುದರಿಂದ, ಮೈನುಗಳಿಗೆ ಸುಳಿವು ಸಿಗದಂತೆ ಆ ಕಾಂತತ್ವವನ್ನು ಅಡಗಿಸುವ ಡಿಗಾಸಿಂಗ್ ತಂತಿಸುರುಳಿಗಳನ್ನು ಮರುಹೊಂದಿಸುವುದು. ರಾಡಾರ್ ತೋರಿಸುವ ದಿಕ್ಕು, ತೋಪು ನೋಡುವ ದಿಕ್ಕು ಒಂದೇ ಎಂದು ಖಾತ್ರಿ ಮಾಡುವುದು. ಕಡೆಗೆ ಸಮುದ್ರದಲ್ಲಿ ಪೂರ್ಣವೇಗ, ಹಠಾತ್ ನಿಲುಗಡೆ, ಗುಂಡು ಹಾರಾಟ. ಕೋಲ್ 2002ರ ಏಪ್ರಿಲ್‌ನಲ್ಲಿ ಯಾರ್ಡ್ ಬಿಟ್ಟಿತು.

ಇದಕ್ಕೆ ಎದುರಾಗಿ ಎರಡನೇ ಮಹಾಯುದ್ಧದ ಅಮೆರಿಕದ ‘ಯಾರ್ಕ್‌ಟೌನ್’ ಉದಾಹರಣೆ ಕೊಡುವವರಿದ್ದಾರೆ. 1942ರ ಮೇ 27ರಂದು ಪರ್ಲ್ ಹಾರ್ಬರ್ ತಲಪಿದ ಆ ವಿಮಾನವಾಹಕಕ್ಕೆ ತಿಂಗಳುಗಳೇ ಬೇಕೆಂದಿದ್ದರು, 1,400 ಜನ ಹಗಲಿರುಳು ದುಡಿದು 30ಕ್ಕೆ ಕಳುಹಿಸಿಬಿಟ್ಟರು. ನಿಜ. ಆದರೆ ಅದು ಒಂದು ಕದನಕ್ಕೆ ಸಾಕಾಗುವಷ್ಟು ರಿಪೇರಿ. ಮಿಡ್ವೇ ಕದನದಲ್ಲಿ ಕಾದಾಡಿ ಜೂನ್ 7ರಂದು ಹಡಗು ಮುಳುಗಿತು. ಇಪ್ಪತ್ತು ವರ್ಷ ಬಾಳಬೇಕಾದ ಹಡಗಿಗೆ ಆ ಅಳತೆಗೋಲು ಬೇಡ.

ವೆಲ್ಡರ್‌ಗಳ ವಿಷಯ. ನಮಗೆ ಹತ್ತಿರದ ನೌಕಾ ರಿಪೇರಿ ಯಾರ್ಡ್ ಕಾರವಾರದ್ದು. ಅಲ್ಲಿಯ ಶಿಪ್‌ಲಿಫ್ಟ್ (ಹಡಗನ್ನು ನೀರಿನಿಂದ ಮೇಲೆತ್ತುವ ವೇದಿಕೆ) 10,000 ಟನ್ ಎತ್ತುತ್ತದೆ. ಮಲ್ಪೆಯಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್ ಮತ್ತು ಸರಕು ಹಡಗು ಕಟ್ಟುತ್ತಿದೆ. ಇಂಥ ಕಡೆ ಐಟಿಐ ಸರ್ಟಿಫಿಕೇಟಿನ ಜೊತೆ ಪ್ಲೇಟಿನಲ್ಲಿ 3ಜಿ, 4ಜಿ (ನಿಂತ ಬೆಸುಗೆ, ತಲೆಮೇಲಿನ ಬೆಸುಗೆ), ಪೈಪಿನಲ್ಲಿ 6ಜಿ (ಓರೆಯಾಗಿ ನಿಲ್ಲಿಸಿದ ಪೈಪಿನ ಬೆಸುಗೆ) ಪರೀಕ್ಷೆ ಪಾಸಾಗಿರಬೇಕು. ಪರೀಕ್ಷೆಯ ತುಂಡನ್ನು ಬಗ್ಗಿಸಿಯೋ ಎಕ್ಸ್‌ರೇ ತೆಗೆದೋ ನೋಡುತ್ತಾರೆ. ತಲೆಮೇಲಿನ ಬೆಸುಗೆಯನ್ನೇ ಮೊದಲು ಅಭ್ಯಾಸ ಮಾಡಲಿ; ತಳದ ಪ್ಲೇಟು ಬದಲಿಸುವ ಕೆಲಸ ಬಹುಪಾಲು ಅದೇ ಭಂಗಿಯಲ್ಲಿ ನಡೆಯುತ್ತದೆ.

– ಸಂ.