ರಾಯಚೂರಿನಿಂದ ದಿಲ್ಲಿಗೆ ಕಾರಿನಾಗ: ಯಾವ ದಾರಿ?

ಡಿಸೆಂಬರ್‌ನಾಗ ಮಕ್ಕಳು-ಮರಿ ಕಟ್ಕೊಂಡು ರಾಯಚೂರಿನಿಂದ ದಿಲ್ಲಿಗೆ ಹೊಂಟೀವಿ, ನಾಗಪುರ, ಗ್ವಾಲಿಯರ್ ಗೆಳೆಯರ ಮನಿಗೂ ಹೋಗಬೇಕು, ಸೋಲಾಪುರ ಮ್ಯಾಲಿಂದೋ ಹೈದರಾಬಾದ್ ಮ್ಯಾಲಿಂದೋ ಅಂತ ಕೇಳೀರಿ. ಕಣ್ಣು ಮುಚ್ಚಿ ಹೈದರಾಬಾದ್ ಹಿಡೀರಿ. ಮಹಬೂಬನಗರ ದಾಟಿ ಜಡ್ಚರ್ಲಾದಾಗ 44ನೇ ಹೆದ್ದಾರಿ ಸಿಗ್ತದ. ನಿಮ್ಮ ಇಬ್ಬರೂ ಗೆಳೆಯರ ಊರು ಅದರ ಮ್ಯಾಲೇ ಅದಾವ.

ಹೈದರಾಬಾದ್ ಊರೊಳಗ ಮಾತ್ರ ಹೋಗಬ್ಯಾಡ್ರಿ. ಶಂಶಾಬಾದ್ ಹತ್ರ ಔಟರ್ ರಿಂಗ್ ರೋಡ್ ಏರಿ, ಗಚ್ಚಿಬೌಲಿ ಕಡೆಯಿಂದ ಸುತ್ತಿ ಮೇಡ್ಚಲ್ ಕಡೆ ಇಳೀರಿ. ನಾಗಪುರ ಸುಮಾರು 700 ಕಿ.ಮೀ. ನಸುಕಿನಾಗ ಬಿಟ್ರ ಒಂದೇ ದಿನಕ್ಕ ಮುಟ್ಟಬಹುದು, ಆದ್ರ ಸಣ್ಣ ಮಕ್ಕಳಿದ್ರ ನಿರ್ಮಲ್‌ದಾಗೋ ಆದಿಲಾಬಾದ್‌ದಾಗೋ ಉಳೀರಿ. ಗೆಳೆಯಗ "ಊಟಕ್ಕ ಬರ್ತೀವಿ" ಅಂತ ಹೇಳಬ್ಯಾಡ್ರಿ, ಪಾಪ ಅವರ ಮನಿಯವರು ಅಡಿಗಿ ಮಾಡಿಟ್ಟು ಕಾಯ್ಕೊಂಡು ಕೂಡ್ತಾರ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ನಿಮ್ಮ ಜೋಡಿ ಇರಲಿ.

ನಾಗಪುರ ಬಿಟ್ಟ ಮ್ಯಾಲೆ ಪೆಂಚ್ ಕಾಡು. ಪ್ರಾಣಿಗಳು ಕೆಳಗಿಂದ ದಾಟಲಿ ಅಂತ ರಸ್ತೇನೇ ಎತ್ತರಿಸ್ಯಾರ, ಎರಡೂ ಬದಿಗೆ ತಡೆಗೋಡೆ. ಹಗಲೊತ್ತಿನಾಗ ಹೋದ್ರ ನೋಡಾಕ ಚಂದ.

ನಿಜವಾದ ತಲಿಬ್ಯಾನಿ ಗ್ವಾಲಿಯರ್‌ನಿಂದ ಮುಂದಿನ ಮಂಜು. ನಮ್ಮ ಕಡೆ ಮಂಜಿನಂಗಲ್ಲ ಅದು, ಮುಂದಿನ ಲಾರಿಯ ಕೆಂಪು ದೀಪ ಸೈತ ಕಾಣೂದಿಲ್ಲ. ಬಿಸಿಲು ಬೀಳೂತನಕ ಗಾಡಿ ತೆಗೀಬ್ಯಾಡ್ರಿ. ನಡುವೆ ಸಿಕ್ಕೊಂಡ್ರ ಹೈಬೀಮ್ ಹಾಕಬ್ಯಾಡ್ರಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹೊಡೀತದ.