ಹಳೆಯ ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?

ಬೇಡ. ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳುವ ಮೆಸೇಜ್ ಮತ್ತೆ ಬಂದರೆ ‘ಕ್ಯಾನ್ಸಲ್’ ಒತ್ತಿ, ಆಮೇಲೆ ಮುಂದೆ ಓದಿ.

ನೀವು ಬರೆದಿರುವುದು ಇಷ್ಟು. ಡಿಸ್ಕ್ 1 ಟಿಬಿಯದು, ಏಳೆಂಟು ವರ್ಷ ಹಳೆಯದು. ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಿನಲ್ಲಿ ಹೋದ ತಿಂಗಳವರೆಗೂ ಚೆನ್ನಾಗಿತ್ತು. ಹೊಸ ವಿಂಡೋಸ್ 11 ಲ್ಯಾಪ್‌ಟಾಪಿಗೆ ಹಾಕಿದರೆ ಲೈಟ್ ಹತ್ತುತ್ತದೆ, ಡಿಸ್ಕ್ ಕಾಣಿಸುವುದಿಲ್ಲ. ಒಂದೇ ಒಂದು ಸಲ ಕಾಣಿಸಿಕೊಂಡು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಅಂಗಡಿಯವರು ಡಿಸ್ಕ್ ಹೋಗಿದೆ ಅಂದರು. ತೀರಿಕೊಂಡ ನಿಮ್ಮ ತಂದೆಯವರ ಫೋಟೋಗಳೆಲ್ಲ ಅದರಲ್ಲೇ ಇವೆ, ಬೇರೆ ಕಾಪಿ ಇಲ್ಲ.

ನಾನು ಮದುವೆ ಫೋಟೋ ತೆಗೆಯುವ ಕೆಲಸದವನು. ಬೀರುವಿನ ಒಂದು ಅರೆ ತುಂಬ ಇಂಥ ಡಿಸ್ಕ್‌ಗಳೇ ಇವೆ. ನಾನು ಲ್ಯಾಪ್‌ಟಾಪ್ ಬದಲಾಯಿಸಿದಾಗ ನನಗೂ ಹೀಗೇ ಆಗಿತ್ತು. ಒಂದು ಮನೆಯವರ ಧಾರೆ, ಆರತಕ್ಷತೆ ಎಲ್ಲ ಇದ್ದ 2 ಟಿಬಿ ಡಿಸ್ಕ್. ಆಲ್ಬಮ್ ಇನ್ನೂ ಕೊಟ್ಟಿರಲಿಲ್ಲ. ರಿಪೇರಿ ಮಾಡುವವರೊಬ್ಬರು ನೋಡಿ, ಹೆಡ್ (ಡಿಸ್ಕಿನ ತಟ್ಟೆಯಿಂದ ಡೇಟಾ ಓದುವ ಭಾಗ) ಹೋಗಿದೆ, ಡೇಟಾ ರಿಕವರಿಗೆ ಕಳಿಸಬೇಕು ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಇನ್ನೊಂದು ಡಿಸ್ಕಿನ ಕೇಬಲ್ ತೆಗೆದು ಹಾಕಿದೆ. ಡಿಸ್ಕ್ ಬಂತು! ಹೋಗಿದ್ದದ್ದು ಕೇಬಲ್.

ಹಾಗಾಗಿ ಮೊದಲು ಅಲ್ಲಿಂದಲೇ ಶುರು ಮಾಡಿ. ಡಿಸ್ಕನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಕನೆಕ್ಟ್ ಮಾಡಿ, ಬೆರಳ ತುದಿಯನ್ನು ಅದರ ಬೆನ್ನಿಗೆ ತಾಗಿಸಿ. ಒಳಗಿನ ತಟ್ಟೆ ತಿರುಗುತ್ತಿದ್ದರೆ ಬೆರಳಿಗೆ ಸಣ್ಣ ನಡುಕ ಗೊತ್ತಾಗುತ್ತದೆ. ಒಂದೇ ಸಮನೆ ಇದ್ದರೆ ಒಳ್ಳೆಯದು. ನಡುಕ ಶುರುವಾಗಿ, ಒಂದು ‘ಟಿಕ್’ ಶಬ್ದ ಬಂದು, ನಿಂತು, ಮತ್ತೆ ಮೊದಲಿಂದ ಶುರುವಾದರೆ ಬಹಳ ಸಲ ಅದು ಕರೆಂಟ್ ಸಾಲದೆ ಒದ್ದಾಡುತ್ತಿರುವ ಲಕ್ಷಣ. ಲೈಟ್ ಹತ್ತೋದಕ್ಕೆ ಚೂರು ಕರೆಂಟ್ ಸಾಕು. ತಟ್ಟೆ ತಿರುಗಿಸೋದಕ್ಕೆ, ಅದರಲ್ಲೂ ಶುರುವಿನ ಒಂದೆರಡು ಸೆಕೆಂಡ್, ಜಾಸ್ತಿ ಬೇಕು. ಲೈಟ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುವ ಹಾಗಿಲ್ಲ.

ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3.0 ಆದರೆ 900. ಹೊಸ ಲ್ಯಾಪ್‌ಟಾಪುಗಳಲ್ಲಿ ಪೋರ್ಟ್ ಕಡಿಮೆ. ಅದಕ್ಕೇ ನಾವೆಲ್ಲ ಒಂದು ಸಣ್ಣ ಹಬ್ ತಂದು ಅದಕ್ಕೇ ಮೌಸ್, ಪೆನ್‌ಡ್ರೈವ್, ಡಿಸ್ಕ್ ಎಲ್ಲ ಸಿಕ್ಕಿಸುತ್ತೇವೆ. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಆದರೆ, ಒಂದು ಪೋರ್ಟಿನ ಕರೆಂಟನ್ನೇ ಎಲ್ಲರೂ ಹಂಚಿಕೊಳ್ಳಬೇಕು. ನೀವೂ ಹಬ್ ಮೂಲಕ ಹಾಕಿದ್ದರೆ ಅದನ್ನು ತೆಗೆದಿಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಡಿಸ್ಕನ್ನು ನೇರವಾಗಿ ಸಿಕ್ಕಿಸಿ. ಹಳೆಯ ಡಿಸ್ಕ್ ಕೆಲವಕ್ಕೆ ಒಂದು ತುದಿಯಲ್ಲಿ ಎರಡು ಯುಎಸ್‌ಬಿ ಪಿನ್ ಇರುವ ಕೇಬಲ್ ಬರುತ್ತಿತ್ತು. ಎರಡನೆಯದು ಇರುವುದೇ ಕರೆಂಟಿಗೆ. ನಿಮ್ಮದು ಅಂಥದ್ದಾದರೆ ಎರಡನ್ನೂ ಹಾಕಿ.

ಕೇಬಲ್ ವಿಷಯ. ಡಿಸ್ಕಿನ ಕಡೆಗೆ ಹೋಗುವ ತುದಿ ಅಗಲವಾಗಿ, ನಡುವೆ ಕಚ್ಚು ಇದ್ದು ಎರಡು ತುಂಡಿನ ಹಾಗೆ ಕಾಣುತ್ತದಾ? ಅದು ಮೈಕ್ರೋ-ಬಿ. ಈ ತುದಿ ಬೇಗ ಸಡಿಲವಾಗುತ್ತದೆ. ಇದಕ್ಕೊಂದು ಉಪಾಯ ಇದೆ. ಆ ಕಿಂಡಿಯ ದೊಡ್ಡ ಭಾಗಕ್ಕೆ ಹಳೆಯ ಆಂಡ್ರಾಯ್ಡ್ ಫೋನಿನ ಮಾಮೂಲಿ ಮೈಕ್ರೋ ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತದೆ. ಗಿಡ್ಡ, ದಪ್ಪ ಕೇಬಲ್ ಆರಿಸಿ. ಬರೀ ಚಾರ್ಜ್ ಮಾಡುವ ಕೇಬಲ್ ಆಗದು, ಡೇಟಾ ಹೋಗುವಂಥದ್ದೇ ಬೇಕು. ಯುಎಸ್‌ಬಿ 2.0 ವೇಗದಲ್ಲಿ ನಡೆಯುತ್ತದೆ, ತುಂಬಿದ 1 ಟಿಬಿ ಕಾಪಿ ಮಾಡಲು ಎಂಟೊಂಬತ್ತು ಗಂಟೆ ಬೇಕಾಗಬಹುದು. ಆಗಲಿ ಬಿಡಿ. ಅಪ್ಪನ ಫೋಟೋ ಸಿಕ್ಕರೆ ಸಾಕಲ್ವಾ?

ಇಷ್ಟಾದ ಮೇಲೂ ಕಾಣಿಸದಿದ್ದರೆ, ಕೀಬೋರ್ಡಿನಲ್ಲಿ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಇಲ್ಲಿ ಮೊದಲು ಬರೀ ನೋಡುವುದು, ನಾನು ಹೇಳುವುದನ್ನು ಬಿಟ್ಟು ಬೇರೆ ಏನನ್ನೂ ಒತ್ತುವುದು ಬೇಡ. ಕೆಳಗಡೆ ‘ಡಿಸ್ಕ್ 0’, ‘ಡಿಸ್ಕ್ 1’ ಎಂದು ಸಾಲಾಗಿ ಇರುತ್ತವೆ. ಸುಮಾರು 931 ಜಿಬಿ ಎಂದು ಇರುವುದು ನಿಮ್ಮದು (1 ಟಿಬಿಯನ್ನು ವಿಂಡೋಸ್ ಹಾಗೇ ತೋರಿಸುತ್ತದೆ). ಆ ಸಾಲೇ ಇಲ್ಲದಿದ್ದರೆ ತೊಂದರೆ ಇನ್ನೂ ಕೇಬಲ್, ಕರೆಂಟ್ ಅಥವಾ ಡಿಸ್ಕಿನ ಸರ್ಕ್ಯೂಟಿನದು. ನೀಲಿ ಪಟ್ಟಿ, ‘ಎನ್‌ಟಿಎಫ್‌ಎಸ್’, ‘ಹೆಲ್ದಿ’ ಎಂದು ಇದ್ದು ‘ಸಿ:’, ‘ಡಿ:’ ಥರದ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ ಖುಷಿಪಡಿ. ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್’ ಆರಿಸಿ, ಯಾರೂ ಬಳಸದ ಅಕ್ಷರ ಕೊಡಿ. ನಾನು ಯಾವಾಗಲೂ ‘ಆರ್’ ಅಥವಾ ‘ಟಿ’ ಕೊಡುತ್ತೇನೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೆ ಸಿಗಬೇಕಾದ ಅಕ್ಷರವನ್ನೇ ನೆಟ್‌ವರ್ಕ್ ಡ್ರೈವ್ ಹಿಡಿದುಕೊಂಡಿದ್ದರೆ ಡಿಸ್ಕ್ ಹೀಗೆ ಮರೆಯಾಗುವುದುಂಟು.

‘ರಾ’ ಎಂದೋ, ಕಪ್ಪು ಪಟ್ಟಿಯಲ್ಲಿ ‘ಅನ್‌ಅಲೊಕೇಟೆಡ್’ ಎಂದೋ ಇದ್ದರೆ, ಅಥವಾ ಡಿಸ್ಕನ್ನು ‘ಇನಿಶಿಯಲೈಸ್’ ಮಾಡಲೇ ಎಂದು ಕೇಳಿದರೆ, ಅಲ್ಲಿಗೇ ನಿಲ್ಲಿಸಿ. ಒಂದು ಸಲ ಅವಸರದಲ್ಲಿ ನಾನು ಅದಕ್ಕೆ ‘ಓಕೆ’ ಒತ್ತಿಬಿಟ್ಟೆ. ಪುಣ್ಯಕ್ಕೆ ಇನಿಶಿಯಲೈಸ್ ಬರೆಯುವುದು ಡಿಸ್ಕಿನ ವಿಳಾಸದ ಪಟ್ಟಿಯನ್ನು ಮಾತ್ರ. ಒಳಗಿನ ಫೈಲ್ ಹಾಗೇ ಇರುತ್ತವೆ. ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ಸಾಫ್ಟ್‌ವೇರಿನಿಂದ ಪಾರ್ಟಿಷನ್ (ಡಿಸ್ಕಿನಲ್ಲಿ ಫೈಲ್ ಇರುವ ವಿಭಾಗ) ಮತ್ತೆ ಸಿಕ್ಕಿತು, ಆದರೆ ಎರಡು ದಿನ ಊಟ ರುಚಿಸಲಿಲ್ಲ. ಫಾರ್ಮ್ಯಾಟ್ ಅದಕ್ಕಿಂತ ಕೆಟ್ಟದ್ದು. ಕ್ವಿಕ್ ಫಾರ್ಮ್ಯಾಟ್ ಆದರೆ ಎಷ್ಟೋ ಮಟ್ಟಿಗೆ ಉಳಿಸಬಹುದು. ‘ಕ್ವಿಕ್ ಫಾರ್ಮ್ಯಾಟ್’ ಎದುರಿನ ಟಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ, ವಿಂಡೋಸ್ ವಿಸ್ಟಾದಿಂದ ಈಚೆಗೆ, ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯಲಾಗುತ್ತದೆ. ಆಮೇಲೆ ಯಾರೂ ಏನೂ ಮಾಡಲಾರರು.

ಹಳೆಯ ಕಂಪ್ಯೂಟರ್ ಇನ್ನೂ ಮನೆಯಲ್ಲಿ ಇದೆಯಾ? ಇದ್ದರೆ ಗುಜರಿಗೆ ಕೊಡಬೇಡಿ. ಡಿಸ್ಕ್ ಅದರಲ್ಲಿ ತೆರೆದರೆ ಮಿಕ್ಕ ತಲೆನೋವೆಲ್ಲ ಬಿಟ್ಟು ಫೋಟೋಗಳನ್ನು ಅಲ್ಲೇ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್ ಹಾಕುವ ಪಾಸ್‌ವರ್ಡ್ ಬೀಗ) ಇದ್ದರೂ ಹಳೆಯ ಕಂಪ್ಯೂಟರಿಗೆ ಅದು ತಾನಾಗಿ ತೆರೆಯುವಂತೆ ಇಟ್ಟಿರಬಹುದು. ಹೊಸದು ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹಟ ಮಾಡಬೇಡಿ. ಒಳ್ಳೆಯ ಕೇಬಲ್, ನೇರ ಪೋರ್ಟ್, ಎಲ್ಲ ಆದ ಮೇಲೂ ‘ಟಿಕ್ ಟಿಕ್’ ಎಂದು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ ಆಗ ನಿಜವಾಗಿಯೂ ಹೆಡ್ ಕೆಟ್ಟಿರಬಹುದು. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ತಟ್ಟೆ ಗೀರಿಹೋಗಬಹುದು. ಫ್ರಿಜ್ಜಿನಲ್ಲಿ ಇಡುವುದು, ಬಿಚ್ಚಿ ನೋಡುವುದು ಯಾವುದೂ ಬೇಡ. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ರಿಕವರಿಯವರಿಗೇ ಕೊಡಿ, ಖರ್ಚು ಎಷ್ಟೆಂದು ಮೊದಲೇ ಬರಹದಲ್ಲಿ ಕೇಳಿ. ಹಾಗೆಯೇ ವಿಂಡೋಸ್ ‘ಸ್ಕ್ಯಾನ್ ಆ್ಯಂಡ್ ಫಿಕ್ಸ್’ ಎಂದರೂ ಈಗ ಒಪ್ಪಬೇಡಿ. ಅದು ಡಿಸ್ಕ್ ಮೇಲೆ ಬರೆಯುತ್ತದೆ, ನಮಗೆ ಈಗ ಬೇಕಿರುವುದು ಓದುವುದು ಮಾತ್ರ.

ಡಿಸ್ಕ್ ತೆರೆದ ತಕ್ಷಣ ಎಲ್ಲವನ್ನೂ ಒಟ್ಟಿಗೆ ಕಾಪಿಗೆ ಹಾಕಬೇಡಿ. ಮೊದಲು ತಂದೆಯವರ ಫೋಲ್ಡರ್ ಒಂದೇ. ‘ಪರ್ಮಿಷನ್ ಇಲ್ಲ’ ಎಂದರೆ ‘ಕಂಟಿನ್ಯೂ’ ಒತ್ತಿ, ಅದು ಹಳೆಯ ಕಂಪ್ಯೂಟರಿನ ಯೂಸರ್ ಹೆಸರಿನ ತಕರಾರು ಅಷ್ಟೆ. ಕಾಪಿ ಆದ ಮೇಲೆ ನಾಲ್ಕು ಫೋಟೋ ತೆರೆದು ನೋಡಿ, ಅದೇ ದಿನ ಇನ್ನೊಂದು ಕಡೆಗೂ ಹಾಕಿ. ಸಿನಿಮಾ, ಹಾಡು ಎಲ್ಲ ಆಮೇಲೆ.

ಈಗ ಹಬ್ ತೆಗೆದು, ಕೇಬಲ್ ಬದಲಾಯಿಸಿ ಒಮ್ಮೆ ನೋಡಿ. ಆಗದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನ ಪರದೆಯ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಬೆರಳಿಗೆ ನಡುಕ ಗೊತ್ತಾಯಿತಾ ಇಲ್ಲವಾ ಅದನ್ನೂ ಬರೆಯಿರಿ. ರಾತ್ರಿ ಕೆಲಸ ಮುಗಿಸಿ ನೋಡುತ್ತೇನೆ.